ರಾಜನಿಗೊಂದು ಕುದುರೆ ನೆಗೆತ

ರಹಮತ್ ಉಲ್ಲಾ ಚೆಸ್ ಬಿಟ್ಟು ಒಂದು ಮಳೆಗಾಲವೇ ಕಳೆದಿತ್ತು. ಸೋತು ಬಿಟ್ಟದ್ದಲ್ಲ, ಕೈನಡುಕಕ್ಕೆ ಬಿಟ್ಟದ್ದು. ಅವತ್ತು ಕಡೂರಿನ ಮನೆಯ ಜಗಲಿಯಲ್ಲಿ ಆನೆ ಎತ್ತಲು ಹೋದ ಕೈ ಅರ್ಧ ಸೈನ್ಯವನ್ನೇ ಉರುಳಿಸಿಬಿಟ್ಟಿತು. ಎದುರಿಗೆ ಕೂತಿದ್ದವರು ಚೌಳಹಿರಿಯೂರಿನ ತಿಮ್ಮಪ್ಪ, ಸಣ್ಣ ತಪ್ಪು ಸಿಕ್ಕರೂ ವರ್ಷಗಟ್ಟಲೆ ಆಡಿಕೊಳ್ಳುವ ಗೆಳೆಯ. ಅಂಥವರು ತುಟಿ ಬಿಚ್ಚದೆ ಒಂದೊಂದೇ ಕಾಯಿ ಎತ್ತಿ ಜೋಡಿಸಿದರು. ಆ ಕನಿಕರ ಮಾತ್ರ ರಹಮತ್ ಉಲ್ಲಾಗೆ ಗಂಟಲಲ್ಲಿ ಇಳಿಯಲಿಲ್ಲ.

"ನೀವ್ ಹೇಳಿ ದಾದಾ, ನಾನ್ ಇಡ್ತೀನಿ" ಎಂದಳು ಮೊಮ್ಮಗಳು ಮದೀಹಾ.

"ಇನ್ನೊಬ್ರ ಕೈಯಾಗೆ ಉಂಡ್ರೆ ಹೊಟ್ಟೆ ತುಂಬ್ತದೆ ಬೇಟಾ. ಆಟ ಆಡ್ದಂಗಾಗಲ್ಲ."

ಹಲಗೆ ಅಟ್ಟ ಸೇರಿತು. ದಾದಾನನ್ನು ಮತ್ತೆ ಆಡಿಸಲೇಬೇಕು ಎಂಬ ಹಟದಲ್ಲಿ ಮದೀಹಾ ಡಿಪ್ಲೊಮಾ ಕೊನೆ ವರ್ಷದ ಪ್ರಾಜೆಕ್ಟಿಗೆ ತಾನೇ ಕಾಯಿ ನಡೆಸುವ ಚೆಸ್ ಹಲಗೆಯನ್ನೇ ಹಿಡಿದಳು. ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೆಟ್ಟು ಕೂತಿದ್ದ ಪ್ರಿಂಟರಿನಿಂದ ಬೆಲ್ಟು, ಕಂಬಿ ಕಿತ್ತು ತಂದಳು. ಹಲಗೆಯ ಕೆಳಗೆ ಉದ್ದಕ್ಕೊಂದು ಕಂಬಿ, ಅಡ್ಡಕ್ಕೊಂದು ಕಂಬಿ. ಅವುಗಳ ಮೇಲೆ ಓಡಾಡುವ ಪುಟ್ಟ ಗಾಡಿ. ಗಾಡಿಯ ನೆತ್ತಿಯ ಮೇಲೆ, ಕರೆಂಟು ಹರಿದಾಗ ಮಾತ್ರ ಎಳೆಯುವ ಅಯಸ್ಕಾಂತ. ಪ್ರತಿ ಕಾಯಿಯ ಬುಡಕ್ಕೂ ಚೂರು ಅಯಸ್ಕಾಂತ ಅಂಟಿಸಿದಳು. ಕೆಳಗೆ ಗಾಡಿ ಹೋದತ್ತ ಮೇಲೆ ಕಾಯಿ ಹೋಗುತ್ತದೆ.

ಕುದುರೆಯದೇ ತಲೆನೋವು. ಅದು ಬೇರೆ ಕಾಯಿಗಳ ಮೇಲೆ ಹಾರಬೇಕು, ಯಂತ್ರಕ್ಕೋ ಎತ್ತಲು ಬರುವುದಿಲ್ಲ. ಕೊನೆಗೆ ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ನುಸುಳುವಂತೆ ಅದು ಮನೆಗಳ ನಡುವಿನ ಗೆರೆ ಹಿಡಿದು ಸಾಗುವಂತೆ ಮಾಡಿದಳು. ಅದಕ್ಕಾಗಿ ಕಾಯಿಗಳನ್ನೆಲ್ಲ ಸಪೂರ ಮಾಡಬೇಕಾಯಿತು.

ದಾದಾಗೆಂದು ದಪ್ಪ ಹಿಡಿಯೊಂದನ್ನು ಕೂರಿಸಿದಳು. ಪೂರ್ತಿ ತಳ್ಳಿದರೆ ಮಾತ್ರ ಗಾಡಿ ಒಂದು ಮನೆ ಸರಿಯುತ್ತದೆ, ನಡುಕಕ್ಕೆ ಜಗ್ಗುವುದಿಲ್ಲ. ಕಾಯಿ ಹಿಡಿಯಲು, ಬಿಡಲು ಹಸಿರು ಗುಂಡಿ. ನಿಲ್ಲಿಸಲು ಕೆಂಪು. ಎದುರಾಳಿಯಾಗಿ ಆಡುವುದು ಫೋನಿನೊಳಗಿನ ಪ್ರೋಗ್ರಾಂ.

ಪರೀಕ್ಷೆ ಮುಗಿದು ಹಲಗೆ ಮನೆಗೆ ಬಂದ ದಿನ ರಹಮತ್ ಉಲ್ಲಾ ಬಿಸ್ಮಿಲ್ಲಾ ಹೇಳಿ ಹಿಡಿ ತಳ್ಳಿದರು. ಕಾಲಾಳು ತಾನಾಗಿ ಜಾರಿತು. ಅವರು ಬಗ್ಗಿ ಹಲಗೆಯ ಕೆಳಗೆ ಇಣುಕಿದರು. ತೆಂಗಿನಕಾಯಿ ಮಂಡಿಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವ ದಲ್ಲಾಳಿಯಾಗಿದ್ದವರು.

"ಇದು ನಮ್ ವ್ಯಾಪಾರನೇ ಕಣೇ! ಟವೆಲ್ ಕೆಳ್ಗೆ ಬೆರಳು, ಮೇಲೆ ಮುಖದಾಗೆ ಏನೂ ಇಲ್ಲ."

ಆಟ ರಂಗೇರಿತು. ದಾದಾ ತಮ್ಮ ರಾಜನನ್ನು ಕುದುರೆಯಂತೆ ನೆಗೆಸಿ ಮೂಲೆಗೆ ತಂದರು. ಹಸಿರು ಗುಂಡಿ ಒತ್ತಿದ್ದೇ ತಡ, ಹಲಗೆ ಗುರ್ರ್ ಎಂದು ರಾಜನನ್ನು ಹಿಂದಕ್ಕೆ ಎಳೆದೊಯ್ದಿತು. ಮತ್ತೆ ತಂದರು. ಮತ್ತೆ ಎಳೆಯಿತು.

"ದಾದಾ, ರಾಜ ಹಂಗ್ ಹೋಗಂಗಿಲ್ಲ. ರಾಂಗ್ ಮೂವ್."

"ಚೆಕ್ ಬೀಳೋಕ್ ಮುಂಚೆ ಒಂದೇ ಒಂದ್ಸಲ ರಾಜ ಕುದುರೆ ಥರ ನೆಗೀಬೋದು. ನಮ್ಮಪ್ಪನ್ ಕಾಲ್ದಿಂದ ಹಂಗೇ."

"ಇಂಟರ್‌ನ್ಯಾಷನಲ್ ರೂಲ್ಸಲ್ಲಿ ಅದಿಲ್ಲ ದಾದಾ."

ರಹಮತ್ ಉಲ್ಲಾ ಹಿಡಿಯಿಂದ ಕೈ ತೆಗೆದರು. "ಕೈ ಮಾತ್ರ ಕೆಟ್ಟದೆ ಅಂದ್ಕೊಂಡಿದ್ದೆ. ತಲೆನೂ ಕೆಟ್ಟದೆ ಅಂತದಲ್ಲ ಇದು." ಎದ್ದು ಒಳಗೆ ಹೋದರು.

ಮದೀಹಾ ಪ್ರಾಜೆಕ್ಟಿನ ಜೊತೆಗಾರ ಅಭಿಲಾಷ್‌ಗೆ ಫೋನ್ ಮಾಡಿದಳು. "ಅವರ ರೂಲ್ಸ್ ಕೇಳಿ ಕಳ್ಸೇ, ಸೇರ್ಸೋಣ. ಚಿಟಿಕೆ ಹೊಡ್ಯೋ ಕೆಲ್ಸ" ಎಂದ ಅವನು.

ಮರುದಿನ ಮಂಡಿಯಲ್ಲಿ ತೆಂಗಿನಕಾಯಿ ಮಾರಿಕೊಂಡು ತಿಮ್ಮಪ್ಪ ಬಂದರು. ಈಚೆಗೆ ಅವರು ಬಂದರೂ ಕ್ಷೇಮ ಕೇಳಿ ಎದ್ದುಬಿಡುತ್ತಿದ್ದರು. ಮದೀಹಾ ಬಿಡಲಿಲ್ಲ. ದಾದಾನನ್ನೂ ಕೂರಿಸಿ ಕೇಳಿದಳು: "ರಾಜ ನೆಗ್ಯೋವಾಗ ಎದುರ್ಗಿನ ಕಾಯಿ ಹೊಡೀಬೋದಾ?"

"ಹೊಡೀಬೋದು" ಎಂದರು ದಾದಾ.

"ಎಲ್ ಹೊಡ್ಯಕ್ಕಾಯ್ತದೆ? ಖಾಲಿ ಮನೆಗ್ ಮಾತ್ರ ಕಣಮ್ಮ" ಎಂದರು ತಿಮ್ಮಪ್ಪ.

"ಲೇ, ಹೋದ್ವರ್ಷ ನೀನೇ ಹೊಡ್ದ್ಯಲ್ಲೋ ನನ್ ಒಂಟೇನ!"

"ಅವತ್ ನೀವೇ ಬಿಟ್‌ಕೊಟ್ರಿ ಸಾಬ್ರೇ. ಬಂದಿದ್ದನ್ನ ಬ್ಯಾಡ ಅನ್ಲಾ?"

"ಬಿಟ್‌ಕೊಟ್ನಾ? ಬೀದಿ ಜನ ಸೇರೋ ಹಂಗೆ ಕೂಗಾಡಿದೀನಿ!"

"ಅದಕ್ಕೇ ಕಣ್ರೀ. ಕೂಗಾಡಿ ಸೋತ್ರಿ."

ಮದೀಹಾ ಫೋನಿನಲ್ಲಿ ಬರೆದ ಸಾಲನ್ನು ಅಳಿಸಿದಳು. ಇನ್ನೊಂದು ಬರೆದಳು, ಅದನ್ನೂ ಅಳಿಸಿದಳು. ಒಮ್ಮೆ ಬಿದ್ದ ಚೆಕ್ಕನ್ನು ತಡೆದರೆ ನೆಗೆತ ಉಳಿಯುತ್ತದೋ ಇಲ್ಲವೋ ಎಂಬುದಕ್ಕೆ ಇಬ್ಬರೂ ಕೂಗಾಡುತ್ತ ಎದ್ದು ನಿಂತೇಬಿಟ್ಟರು. ಇವರ ಆಟದ ನಿಯಮ ಆಟಕ್ಕೆ ಮುಂಚೆ ಎಲ್ಲೂ ಇರಲಿಲ್ಲ. ಪ್ರತಿ ಸಲ ಜಗಳವಾಡಿಯೇ ಅದು ಹುಟ್ಟಬೇಕಿತ್ತು. ಅದನ್ನು ಯಾವ ಪ್ರೋಗ್ರಾಮಿಗೆ ತುಂಬುವುದು?

ಒಳಗೆ ಹೋಗಿ ಅಭಿಲಾಷ್‌ಗೆ ಫೋನಿನಲ್ಲಿ ಹೇಳಿದಳು: "ರೂಲ್ಸೆಲ್ಲ ತೆಗ್ದಾಕ್ತಿದೀನಿ. ಎದುರಾಳಿನೂ."

"ಹುಚ್ಚೇನೇ? ಬುದ್ಧಿನೇ ತೆಗ್ದ್ರೆ ಏನ್ ಉಳೀತದೆ ಅದ್ರಲ್ಲಿ?"

"ಕೈ ಉಳೀತದೆ ಕಣೋ."

ತುಂಬ ನಿದ್ದೆಗೆಟ್ಟು ಬರೆದದ್ದನ್ನೆಲ್ಲ ಬದಿಗಿಟ್ಟಾಗ ಅವಳಿಗೆ ಸಂಕಟವೇ ಆಯಿತು. ಈಗ ಹಲಗೆಗೆ ಸರಿ ತಪ್ಪು ಗೊತ್ತಿಲ್ಲ. ಹಿಡಿ ಎಂದರೆ ಹಿಡಿಯುತ್ತದೆ, ಬಿಡು ಎಂದಲ್ಲಿ ಬಿಡುತ್ತದೆ.

ಜಗಲಿಗೆ ತಂದಿಟ್ಟಳು. ತಿಮ್ಮಪ್ಪ ತಮ್ಮ ಕಾಯಿಗಳನ್ನು ಕೈಯಲ್ಲೇ ನಡೆಸಿದರು, ರಹಮತ್ ಉಲ್ಲಾ ಹಿಡಿಯಿಂದ. ಕೊಂಚ ಹೊತ್ತಿಗೆ ಯಂತ್ರವನ್ನು ಇಬ್ಬರೂ ಮರೆತರು. ದಾದಾನ ರಾಜ ತಿಮ್ಮಪ್ಪನ ಒಂಟೆಯನ್ನು ಹೊಡೆಯಲು ಗೆರೆ ಹಿಡಿದು ಹೊರಟ. ತಿಮ್ಮಪ್ಪ ಅಡ್ಡಕ್ಕೆ ಅಂಗೈ ಇಟ್ಟರು.

"ತಡೀರಿ ಸಾಬ್ರೇ! ಕೈ ನಡುಗ್ತದೆ ಅಂತ ಕಣ್ಣಾಗ್ ಮಣ್ಣೆರಚಕ್ ನೋಡ್ತೀರಾ?"

"ಕೈ ತೆಗ್ಯೋ ಲೇ! ಮೊದ್ಲು ಮಾತ್ ಮುಗೀಲಿ ಅಂತೀಯಾ? ಮುಗೀಲಿ!" ರಹಮತ್ ಉಲ್ಲಾ ಇಡೀ ಅಂಗೈಯಿಂದ ಕೆಂಪು ಗುಂಡಿ ಗುದ್ದಿದರು.

ಗಾಡಿ ನಿಂತಿತು. ರಾಜ ಯಾವ ಮನೆಗೂ ಸೇರದೆ ನಾಲ್ಕು ಮನೆಗಳು ಕೂಡುವಲ್ಲಿ ನಿಂತ. ಕೆಳಗೆ ಅಯಸ್ಕಾಂತ ಅವನನ್ನು ಬಿಡದೆ ಹಿಡಿದಿತ್ತು. ಹೀಗೇ ತುಂಬ ಹೊತ್ತು ಬಿಟ್ಟರೆ ಅದರ ತಂತಿಸುರುಳಿ ಬಿಸಿಯಾಗುತ್ತದೆ ಎಂದು ಹೇಳಲು ಮದೀಹಾ ಬಾಯಿ ತೆರೆದಳು. ಇಬ್ಬರ ದನಿಯೂ ಬೀದಿಗೆ ಕೇಳುವಷ್ಟು ಏರಿತ್ತು. ಅವಳು ಸುಮ್ಮನೆ ಫ್ಯಾನನ್ನು ಹಲಗೆಯ ಕಡೆಗೆ ತಿರುಗಿಸಿ ಕೂತಳು.