ಚರಟದ ಜೊತೆ ಹೋದ ಕೊಳವೆ

ತೊಂಬತ್ತೆರಡನೇ ಇಸವಿಯ ಮಾತು. ಮೊದಲ ಎಕ್ಸ್‌ರೇ ಫೋನ್ ತಂತಿಯಲ್ಲಿ ಸಾಲು ಸಾಲಾಗಿ ಇಳಿದು ಪರದೆ ತುಂಬಿದಾಗ ನಾನೂ ನನ್ನ ಜೊತೆಗಾರ ಎಲ್ಬಿಯೋನೂ ಕುಣಿದೇಬಿಟ್ಟೆವು. ಬೆಯಾ ಉನಿಯೋನಿನ ಪುಟ್ಟ ಆಸ್ಪತ್ರೆಯಿಂದ ಮಾಂಟೆವಿಡಿಯೋದ ನಮ್ಮ ಪ್ರಯೋಗಾಲಯಕ್ಕೆ, ಇಡೀ ದೇಶ ದಾಟಿ ಬಂದ ಚಿತ್ರ ಅದು! ಅಲ್ಲಿ ಕುದುರೆಯಿಂದ ಬಿದ್ದ ಹುಡುಗಿಯೊಬ್ಬಳು ಮಲಗಿದ್ದಳು. ಕತ್ತಿನ ಮೂಳೆ ಮುರಿದಿದ್ದರೆ ಹೊಂಡಬಿದ್ದ ರಸ್ತೆಯಲ್ಲಿ ಅವಳನ್ನು ಸಾಗಿಸುವಂತಿರಲಿಲ್ಲ. ಅದನ್ನು ಹೇಳಬೇಕಾದ ಡಾಕ್ಟರ್ ಜುಲ್ಮಾ ನನ್ನ ಪಕ್ಕದಲ್ಲೇ ಕೂತಿದ್ದರು. ಮುಂದಿನಿಂದ ತೆಗೆದದ್ದು ಸಾಲದು, ಪಕ್ಕದಿಂದ ತೆಗೆದದ್ದೂ ಬೇಕು ಎಂದರು.

ಎರಡನೆಯದು ಬಂತು. ಬಂದದ್ದೇನು, ಬೂದಿ ಎರಚಿದ ಹಾಗೆ ಬರೀ ಚುಕ್ಕೆ. ಮತ್ತೆ ಕಳಿಸಿ ಎಂದೆವು, ಮತ್ತೆ ಚುಕ್ಕೆ.

ಆ ಲೈನು ಯಾವಾಗ ಕಡಿದುಹೋಗುತ್ತದೋ ಹೇಳುವಂತಿರಲಿಲ್ಲ. ಅದಕ್ಕೇ ಚಿತ್ರಗಳನ್ನು ಕುಗ್ಗಿಸಿ ಕಳಿಸುತ್ತಿದ್ದೆವು; ಅವನ್ನು ಮತ್ತೆ ಹಿಗ್ಗಿಸಲು ಬೇಕಾದ ಕೋಷ್ಟಕಗಳನ್ನು ಮೊದಲ ಚಿತ್ರದ ಜೊತೆ ಒಂದು ಸಲ ಮಾತ್ರ ಕಳಿಸಿ, ಮುಂದಿನವಕ್ಕೂ ಅವನ್ನೇ ಬಳಸುವುದು ನಮ್ಮ ಪದ್ಧತಿ. ಪ್ರೋಗ್ರಾಂನಲ್ಲಿ ಕಂಪ್ಯೂಟರಿನ ಮೆಮೊರಿ ನೋಡಿಕೊಳ್ಳುವ ಭಾಗ ಎಲ್ಬಿಯೋ ಬರೆದದ್ದು. ಬಲು ಸರಳ: ಬೇಕಾದಷ್ಟು ಜಾಗ ಕೇಳು, ಚಿತ್ರ ಮುಗಿದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಬಿಟ್ಟುಕೊಡು. ಮನುಷ್ಯನಿಗೆ ಶುಚಿಯ ಹುಚ್ಚು. ಮೇಜಿನ ಮೇಲೆ ಚೂರು ಕಸ ಕಂಡರೂ ಸಮಾಧಾನವಿಲ್ಲ.

ಲೈನಿನದೇ ತಪ್ಪು ಎಂದು ಅವನು ವಾದಿಸಿದ. ಹಾಗಾದರೆ ಮೊದಲನೆಯದು ಸರಿಯಾಗಿ ಬಂದದ್ದು ಹೇಗೆ ಎಂದು ನಾನು ರೇಗಿದೆ. ಅಷ್ಟರಲ್ಲಿ ಅಲ್ಲಿಂದ ಇನ್ನೊಂದು ಫೋನಿಗೆ ಕರೆ: ಮಳೆಗೆ ಹೊಳೆ ಏರುತ್ತಿದೆ, ಸೇತುವೆ ಮುಳುಗುವ ಮೊದಲು ಆಂಬುಲೆನ್ಸ್ ಹೊರಡಲೇಬೇಕಂತೆ.

ತಲೆ ಕೆಟ್ಟುಹೋಗಿ, ಕುಡಿಯಲು ಮಾಟೆ ಸೊಪ್ಪಿನ ಚಹಾವನ್ನಾದರೂ ಮಾಡಿಕೊಡು ಎಂದೆ. ಅವನು ಅದನ್ನು ಕುಡಿಯುವ ಸೋರೆಬುರುಡೆಯಲ್ಲಿದ್ದ ಹಳೆಯ ಸೊಪ್ಪನ್ನು ಕಸದ ಡಬ್ಬಿಗೆ ಬಡಿದು ಸುರಿದ. ಒಳಗೆ ಠಣ್ ಅಂತು. ಹೀರುವ ಬೆಳ್ಳಿ ಕೊಳವೆಯೂ ಚರಟದ ಜೊತೆ ಹೋಗಿತ್ತು. ಕೊಳವೆಗಾಗಿ ಕಸಕ್ಕೆ ಕೈ ಹಾಕದವರು ನಮ್ಮೂರಲ್ಲಿ ಯಾರಿದ್ದಾರೆ? ಬೈಯಲು ಬಾಯಿ ತೆರೆದವಳಿಗೆ ಥಟ್ಟನೆ ಬೇರೆಯೇ ಹೊಳೆಯಿತು.

“ಎಲ್ಬಿಯೋ, ಕೋಷ್ಟಕ ಎಲ್ಲಿಟ್ಟಿದೀಯ?”

“ಎಲ್ಲದರ ಜೊತೇಲೇ. ಇನ್ನೆಲ್ಲಿ ಇಡ್ಲಿ?”

“ಅಯ್ಯೋ ಮಾರಾಯ, ಚರಟ ಚೆಲ್ಲೋದು ಸರಿ ಕಣೋ. ಕೊಳವೇನೂ ಚೆಲ್ಲೋದಾ?”

ಮೊಣಕೈವರೆಗೆ ಕಸದಲ್ಲಿದ್ದವನ ಮುಖ ಮೊದಲು ಬಿಳಿಚಿತು, ಆಮೇಲೆ ಅರಳಿತು. ಕೊಳವೆಯನ್ನು ಎಳೆದು ಜೇಬಿಗೆ ಸಿಕ್ಕಿಸಿ, ಒದ್ದೆ ಕೈಯಲ್ಲೇ ಕೀಲಿಮಣೆಗೆ ಹಾರಿದ. ಮೊದಲ ಚಿತ್ರ ಮುಗಿದಾಗ ಅವನ ಪ್ರೋಗ್ರಾಂ ಅದರ ಜೊತೆ ಕೋಷ್ಟಕಗಳನ್ನೂ ಚೆಲ್ಲಿಬಿಟ್ಟಿತ್ತು. ಮೆಮೊರಿಯ ಜಾಗವನ್ನು ಎರಡು ಪಾಲು ಮಾಡಿದೆವು: ಚಿತ್ರ ಮುಗಿದೊಡನೆ ಬಿಡುವುದು ಒಂದು, ಪ್ರೋಗ್ರಾಂ ನಿಲ್ಲುವವರೆಗೂ ಉಳಿಯುವುದು ಇನ್ನೊಂದು. ಕೋಷ್ಟಕಗಳು ಉಳಿಯುವ ಪಾಲಿಗೆ ಹೋದವು. ಎರಡು ಚಿತ್ರಗಳನ್ನೂ ಮೊದಲಿಂದ ಕಳಿಸಲು ಫೋನಿನಲ್ಲಿ ಕೂಗಿ ಹೇಳಿದೆ.

ಮೊದಲನೆಯದು ಬಂತು. ಎರಡನೆಯದು ಮೇಲಿನಿಂದ ಇಳಿಯತೊಡಗಿತು: ದವಡೆ, ಅದರ ಹಿಂದೆ ಕತ್ತಿನ ಒಂದೊಂದೇ ಮೂಳೆ. ಎಷ್ಟು ಸ್ವಚ್ಛ! ಖುಷಿಗೆ ನನ್ನ ಕಣ್ಣು ಮಂಜಾಯಿತು. ಎಲ್ಬಿಯೋ ನನ್ನ ಭುಜ ಹಿಡಿದು ಕುಲುಕಿದ. ಜುಲ್ಮಾ ಮಾತ್ರ ಪರದೆಗೆ ಮೂಗು ತಾಗುವಷ್ಟು ಬಾಗಿದರು. ಚಿತ್ರ ಪೂರ್ತಿ ಇಳಿಯಲೂ ಕಾಯದೆ ಇನ್ನೊಂದು ಫೋನು ಎತ್ತಿದರು.

“ಆಂಬುಲೆನ್ಸ್ ನಿಲ್ಸಿ. ಮೂಳೆ ಮುರಿದಿದೆ. ಕೈಕಾಲು ಆಡಿಸ್ತಿದಾಳೆ ತಾನೆ? ಆ ಶಕ್ತಿ ಹಾಗೇ ಉಳೀಬೇಕು ಅಂದ್ರೆ ಅವಳನ್ನ ಯಾರೂ ಮುಟ್ಬೇಡಿ. ವಿಮಾನದಲ್ಲಿ ನಾನೇ ಬರ್ತೀನಿ.”

ಫೋನಿಟ್ಟು, ಕೋಟು ಹಾಕಿಕೊಳ್ಳುತ್ತಾ ಅವರು ಹೇಳಿದರು: ಹುಡುಗಿಯನ್ನು ಎತ್ತಲು ಅಲ್ಲಿಯವರು ಆಗಲೇ ಬಗ್ಗಿದ್ದರಂತೆ. ಎಲ್ಬಿಯೋ ಜೇಬಿಗೆ ಕೈ ಹಾಕಿದ. ಆ ಕೊಳವೆಯನ್ನು ತೆಗೆದು ನಲ್ಲಿಯ ಕೆಳಗೆ ತೊಳೆಯತೊಡಗಿದ.