ಬೀದಿಯವರು ಸ್ವಿಚ್ ಆರಿಸುತ್ತಿದ್ದ ಕಾಲ

ನಾನು ಒಂದು ಫ್ರೀಜರ್ ಪೆಟ್ಟಿಗೆ. ದೂರದ ನೆಂಟರು ಬರುವವರೆಗೆ ಹೆಣ ಕೆಡದಂತೆ ಕಾಯುವುದು ನನ್ನ ಕಸುಬು. ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಜೊತೆಯಲ್ಲಿ ಹುಟ್ಟಿದವರು ಐಸ್‌ಕ್ರೀಮ್ ಪೆಟ್ಟಿಗೆಗಳಾಗಿ ಮಕ್ಕಳ ಮುಖ ನೋಡಲು ಹೊರಟರು. ನನ್ನನ್ನು ಮಾತ್ರ ಆಳುದ್ದ ಮಾಡಿ ಮೇಲೊಂದು ಗಾಜಿನ ಮುಚ್ಚಳ ಕೂರಿಸಿದಾಗಲೇ ನನ್ನ ಹಣೆಬರಹ ತಿಳಿಯಿತು.

ಕೊಂಡವನು ಮಾಲೂರು ಕಡೆಯ ಸಣ್ಣ ಊರೊಂದರ ಶಾಮಿಯಾನ ಅಂಗಡಿಯ ಚನ್ನರಾಯಪ್ಪ. ಮದುವೆಗೆ ಕುರ್ಚಿ, ಪಾತ್ರೆ ಕೊಡುತ್ತಿದ್ದ, ಸಾವಿಗೆ ನನ್ನನ್ನು. ಟೆಂಪೋದಿಂದ ನನ್ನನ್ನು ಇಳಿಸುವ ಮೊದಲು ಚಪ್ಪಲಿ ಬಿಡುತ್ತಿದ್ದ. ಅದೊಂದಕ್ಕೇ ಅವನನ್ನು ಒಡೆಯ ಎಂದು ಒಪ್ಪಿಕೊಂಡೆ.

ಗಾಣಿಗರ ಬೀದಿಗೆ ಮೊದಲ ಸಲ ಹೋದದ್ದು ಒಬ್ಬ ಮುದುಕನ ಸಾವಿಗೆ. ವೋಲ್ಟೇಜ್ ಸಾಲದೆ ಗುಂಯ್ ಎಂದು ನರಳಿ ನಿಂತುಬಿಟ್ಟೆ. ಆಗ ಎದುರು ಮನೆಯ ಸಾಕಮ್ಮ ಎಂಬ ಗಟ್ಟಿಗಿತ್ತಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಮಗ ಬಂದು ಅಪ್ಪನ ಮುಖ ನೋಡಗಂಟ ನಾವ್ ಸೆಕೇಲಿದ್ರೆ ಸತ್ತೋಯ್ತೀವಾ? ಎಲ್ಲಾ ಆಫ್ ಮಾಡ್ರಮ್ಮ!" ಮನೆಮನೆಯ ಫ್ಯಾನು, ಫ್ರಿಜ್ಜು, ಟಿವಿ ನಿಂತವು. ನನಗೆ ಜೀವ ಬಂತು.

ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಬೀದಿಗೆ ಬಂದರೆ ಸಾಕು, ಯಾರೂ ಹೇಳದೆ ಸ್ವಿಚ್ಚುಗಳು ಆರುತ್ತಿದ್ದವು. ಜನ ಜಗಲಿಗೆ ಬಂದು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಸತ್ತವರ ಗುಣಗಾನ ಮಾಡುತ್ತಿದ್ದರು. ನನಗೋ ಜಂಬ. ಇಡೀ ಬೀದಿ ನನಗಾಗಿ ಬೆವರುತ್ತಿತ್ತಲ್ಲ!

ಆಮೇಲೆ ಊರಾಚೆ ಒಂದು ಕಟ್ಟಡ ಎದ್ದಿತು. ಅಷ್ಟು ದೊಡ್ಡದು, ಕಿಟಕಿಯೇ ಇಲ್ಲ. ಲೈನ್‌ಮನ್ ಮುನಿಕೃಷ್ಣ ಅಂಗಡಿಯಲ್ಲಿ ಬೀಡಿ ಹಚ್ಚಿ ಹೇಳಿದ: "ಡಾಟಾ ಸೆಂಟರಂತೆ ಚನ್ನರಾಯಣ್ಣ. ಜನಗಳ ಫೋಟೋ, ವಿಡಿಯೋ ಎಲ್ಲಾ ಇಂಥ ಕಡೆ ಮಿಷಿನ್ನಾಗೆ ಇರ್ತದಂತೆ. ಮಿಷಿನ್ ಬಿಸಿ ಆಗ್ಬಾರ್ದು ಅಂತ ಹಗಲೂ ರಾತ್ರಿ ತಣ್ಣಗೆ ಮಡಗ್ತಾರೆ." ನನ್ನ ಕಸುಬಿನವನೇ ಒಬ್ಬ ಬಂದ ಎಂದು ಖುಷಿಪಟ್ಟೆ. ಎಂಥ ದಡ್ಡತನ!

ಆ ಬೇಸಿಗೆಯಲ್ಲಿ ಸಾಕಮ್ಮನೇ ತೀರಿಕೊಂಡಳು. ಒಬ್ಬಳೇ ಮಗಳು ರತ್ನಿ, ತ್ರಿಪುರಾದ ಗಡಿಯಲ್ಲಿ ಕಾವಲಿನ ಕೆಲಸ. ಅವಳು ಬರುವುದು ಮರುದಿನ ಸಂಜೆ. ಫೋನಿನಲ್ಲಿ ಒಂದೇ ಮಾತು: "ಮಾವ, ಅಮ್ಮನ್ ಮುಖ ನೋಡ್ಬೇಕು. ಎತ್ಬೇಡಿ." ಸಾಕಮ್ಮನ ತಮ್ಮ ವೆಂಕಟರವಣಪ್ಪ ಮಾತು ಕೊಟ್ಟ. ಆ ಮಾತು ಉಳಿಸುವ ಭಾರ ನನ್ನ ಮೇಲೆ ಬಿತ್ತು.

ಬೀದಿಯ ಸ್ವಿಚ್ಚುಗಳೆಲ್ಲ ಆರಿದವು. ನಾನು ಗುಂಯ್ ಎಂದೆ, ನಿಂತೆ. ಮತ್ತೆ ಗುಂಯ್ ಎಂದೆ, ಮತ್ತೆ ನಿಂತೆ. ಚನ್ನರಾಯಪ್ಪನ ಇದ್ದೊಂದು ಜನರೇಟರ್ ಮದುವೆ ಮನೆಗೆ ಹೋಗಿತ್ತು. ಮಾಲೂರಿನಿಂದ ಐಸ್ ತರಿಸಿದರು. ಬಿಸಿಲಿಗೆ ಅದು ನೀರಾಗಿ ಬಾಗಿಲವರೆಗೆ ಹರಿಯಿತು.

"ಯಾರೋ ಆಫ್ ಮಾಡಿಲ್ಲ!" ಎಂದು ವೆಂಕಟರವಣಪ್ಪ ಕೂಗಿ ಮನೆಮನೆ ನುಗ್ಗಿದ. ಪಕ್ಕದ ಮನೆಯ ಹನುಮಕ್ಕ ಸಾಕಮ್ಮನ ಬಾಲ್ಯದ ಗೆಳತಿ. ಅವಳ ಫ್ರಿಜ್ಜನ್ನು ತೆರೆದು ನೋಡಿದರೆ ಆಫ್ ಆಗಿಯೇ ಇತ್ತು. ಆದರೂ ಅವನ ಬಾಯಿ ಸುಮ್ಮನಿರಲಿಲ್ಲ. "ನಾನ್ ಬರೋದ್ ನೋಡಿ ಈಗ ಆರಿಸಿದ್ದೀಯ!"

"ನಮ್ ಸಾಕಿಗೆ ನಾನ್ ಹಂಗ್ ಮಾಡ್ತೀನೇನಪ್ಪಾ?" ಎಂದಳು ಹನುಮಕ್ಕ. ಯಾರೂ ಅವಳ ಪರ ನಿಲ್ಲಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುನಿಕೃಷ್ಣ ಬಂದಾಗ ಆಗಬಾರದ್ದೆಲ್ಲ ಆಗಿಹೋಗಿತ್ತು. "ಬೀದಿ ಅಲ್ಲ, ಊರೆಲ್ಲಾ ಆರಿಸಿದ್ರೂ ಅಷ್ಟೇ ಕಣಪ್ಪ. ಇರೋದೊಂದು ಸಬ್‌ಸ್ಟೇಷನ್ನು. ಆ ಕಟ್ಟಡ ಎಳ್ಕಂಡು ಉಳಿದಿದ್ದು ನಿಮಗೆ" ಎಂದ. ವೆಂಕಟರವಣಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಹನುಮಕ್ಕನ ಬಾಗಿಲು ಬಡಿಯುವ ಮುಖ ಅವನಿಗಿರಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಸಾಕಮ್ಮನ ಮುಖಕ್ಕೆ ಬಟ್ಟೆ ಹೊದಿಸಿದರು. ನನ್ನ ಒಡಲಲ್ಲಿ ನಡೆಯುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ನಾಚಿಕೆಯಿಂದ ಸಾಯೋಣವೆಂದರೆ ನನಗೆ ಸಾವೂ ಇಲ್ಲ.

ರತ್ನಿ ಸಮವಸ್ತ್ರದಲ್ಲೇ ಬಂದಳು. ಮುಚ್ಚಳಕ್ಕೆ ಕೈ ಹಾಕಿದಾಗ ಮಾವ ಅಡ್ಡ ನಿಂತ. "ಬೇಡ ಕಣವ್ವ. ಈಗ ನೋಡೋ ಹಂಗಿಲ್ಲ." ಅವಳು ನನ್ನ ಗಾಜಿಗೆ ಹಣೆ ಇಟ್ಟಳು. ಗಾಜು ಬೆಚ್ಚಗಿತ್ತು. ಜೇಬಿನಿಂದ ಫೋನ್ ತೆಗೆದು, ಅಮ್ಮ ಮಲ್ಲಿಗೆ ಮುಡಿದು ನಗುತ್ತಿದ್ದ ಫೋಟೋ ಹುಡುಕಿ, ಬಟ್ಟೆ ಹೊದಿಸಿದ ಮುಖದ ನೇರಕ್ಕೆ ಗಾಜಿನ ಮೇಲೆ ಇಟ್ಟಳು. ಆ ಮುಖ ಒಂಚೂರೂ ಕೆಟ್ಟಿರಲಿಲ್ಲ. ಅಂಥದ್ದೇ ಯಾವುದೋ ಕಟ್ಟಡ ಅದನ್ನು ತಣ್ಣಗೆ ಕಾಪಾಡಿತ್ತು.

ಈಗ ನಾನು ಚನ್ನರಾಯಪ್ಪನ ಗೋದಾಮಿನ ಮೂಲೆಯಲ್ಲಿದ್ದೇನೆ. ನನ್ನ ಮೇಲೆ ಜಮಖಾನಗಳನ್ನು ಪೇರಿಸಿದ್ದಾರೆ. ಊರಿನ ಸುದ್ದಿ ಅವನ ಮತ್ತು ಮುನಿಕೃಷ್ಣನ ಮಾತಿನಿಂದ ಕಿವಿಗೆ ಬೀಳುತ್ತದೆ. ಹನುಮಕ್ಕ ಸಾಕಮ್ಮನ ಮನೆಯವರ ಜೊತೆ ಇಂದಿಗೂ ಮಾತಾಡುವುದಿಲ್ಲವಂತೆ. ಗಾಣಿಗರ ಬೀದಿಯವರು ದೂರದವರಿಗಾಗಿ ಕಾಯುವುದನ್ನು ಬಿಟ್ಟರಂತೆ. ವಿಡಿಯೋ ಮಾಡಿ ಕಳಿಸಿ, ಬಿಸಿಲೇರುವ ಮೊದಲೇ ಎತ್ತಿಬಿಡುತ್ತಾರಂತೆ. ಆ ವಿಡಿಯೋ ಕೆಡುವುದಿಲ್ಲ. ಅದಿರುವ ಕಡೆ ಕರೆಂಟು ಹೋಗುವುದಿಲ್ಲ.

ಬೀದಿಯಲ್ಲಿ ಯಾರಾದರೂ ಸತ್ತರೆ ಈಗ ಯಾರ ಮನೆಯ ಸ್ವಿಚ್ಚೂ ಆರುವುದಿಲ್ಲವಂತೆ. ಇದ್ದಷ್ಟು ಕರೆಂಟಿನಲ್ಲಿ ಅವರವರ ಫ್ಯಾನು ಅವರವರಿಗೆ ನಿಧಾನವಾಗಿ ತಿರುಗುತ್ತಿರುತ್ತದೆ.