ರಾಜಬಿಯ ಪಡದ ಬಿಳಿ ಹುಳ

ಟಿಕೋಟಾದಿಂದ ಕನಮಡಿಗೆ ಹೋಗುವ ದಾರಿಯಲ್ಲಿ ಹೊಳೆವ್ವನ ದ್ರಾಕ್ಷಿ ತೋಟ, ಆ ಕಡೆಯವರ ಮಾತಿನಲ್ಲಿ ಪಡ. ಅದರ ಬದುವಿಗೆ ಅಂಟಿಕೊಂಡೇ ರಾಜಬಿಯ ಪಡ. ಮಗಳು ನಿಖತಳನ್ನು ಹೆರಿಗೆಗೆಂದು ವಿಜಯಪುರದ ದವಾಖಾನೆಗೆ ಸೇರಿಸಲು ಹೊರಟ ದಿನ ರಾಜಬಿ ಬದುವಿನ ಮೇಲೆ ನಿಂತು ಕೂಗಿದಳು.

"ಹೊಳೆವ್ವಕ್ಕಾ, ನಾ ಬರೂತನಾ ನನ್ನ ಪಡದ ಮ್ಯಾಲ ಒಂದ್ ಕಣ್ಣ ಇಡ ಬೇ."

"ಒಂದ್ ಯಾಕ, ಎರಡೂ ಇಡ್ತೀನಿ. ನೀ ಮೊದಲ ಮಗಳ ಕಡೆ ನಡಿ."

ಎರಡೂ ಕಣ್ಣಿಟ್ಟದ್ದೇ ತಪ್ಪಾಯಿತು.

ಮರುದಿನ ನೋಡಿದರೆ ರಾಜಬಿಯ ಬಳ್ಳಿಗಳ ಬೊಡ್ಡೆಯ ಮೇಲೆ ಬಿಳಿ ಹುಳಗಳು. ಮೈತುಂಬ ಅರಳೆಯಂಥ ಎಳೆ. ಹೊಳೆವ್ವ ನೋಡಿದೊಡನೆ ಅಂದುಕೊಂಡಳು: ಹಿಟ್ಟುತಿಗಣೆ, ಊರವರ ಬಾಯಲ್ಲಿ ಮಿಲಿಬಗ್. ತೊಗಟೆಯ ಸಂದಿಯಲ್ಲಿ ಅಡಗಿ ರಸ ಹೀರಿ, ಗೊನೆಗಳ ಮೇಲೆ ಸಿಹಿ ಅಂಟು ಸುರಿಸುವ ಜಾತಿ. ಆ ಅಂಟಿನ ಮೇಲೆ ಕರಿ ಬೂಷ್ಟು ಹಿಡಿದರೆ ಹಣ್ಣನ್ನು ಕೇಳುವವರೇ ಇರುವುದಿಲ್ಲ.

ತನ್ನ ಪಡದ ತೊಗಟೆ ಸುಲಿಯುವ ಕೆಲಸ ಹಾಗೇ ಬಿದ್ದಿತ್ತು. ಅದಿರಲಿ, ಬಾಣಂತನಕ್ಕೆ ಹೋದವಳದು ಮೊದಲು ಎಂದುಕೊಂಡು ಹೊಳೆವ್ವ ಕುಡುಗೋಲು ಹಿಡಿದು ಕುಳಿತಳು. ಸಾಲು ಸಾಲಾಗಿ ಸಡಿಲ ತೊಗಟೆ ಸುಲಿದಳು. ಹುಳಗಳನ್ನು ಚಿಂದಿಯಲ್ಲಿ ಒರೆಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದಳು. ಯಾವಾಗಲೂ ಕಾಣುವವಕ್ಕಿಂತ ದೊಡ್ಡವು, ಓಟವೂ ಜೋರು.

"ರಾಜಬಿ ಇಲ್ಲಂತ ಹಬ್ಬ ಮಾಡಾಕತ್ತೀರೇನಲೇ? ಓಡ್ರಿ ನೋಡೂನು ಎಲ್ಲಿಗೆ ಓಡ್ತೀರಿ!" ಎಂದು ಹಂಗಿಸುತ್ತ ಸಂಜೆಯ ಹೊತ್ತಿಗೆ ಒಂದೂ ಉಳಿಯದಂತೆ ಮಾಡಿದಳು. ಸೊಂಟ ಹಿಡಿದುಕೊಂಡಿತ್ತು, ಮನಸ್ಸು ಮಾತ್ರ ಹಗುರಾಗಿತ್ತು.

ಮರುದಿನ ರಾಜಬಿಯ ಫೋನು. "ಹೆಣ್ಣ ಹುಟ್ಟೇತಿ ಅಕ್ಕಾ, ಆಪರೇಶನ್ ಆತು, ಇನ್ನ ಹತ್ತ ದಿನ ಇಲ್ಲೇ. ಇಬ್ಬರೂ ಆರಾಮದಾರ. ಮತ್ತ ಕೇಳಿಲ್ಲಿ, ಗಡಿಬಿಡ್ಯಾಗ ಹೇಳೂದ ಮರ್ತೆ. ಬಬಲೇಶ್ವರದಿಂದ ಮಿಲಿಬಗ್ ತಿನ್ನೂ ಹುಳಾ ತಂದ ಬಿಟ್ಟೀನಿ. ದೊಡ್ಡವು ಕರ್ರಗ, ಕೆಂಪ ತಲಿ. ಆದ್ರ ಅವುರ ಮರಿ ಥೇಟ್ ಮಿಲಿಬಗ್ ಇದ್ದಂಗ ಬೆಳ್ಳಗ ಇರ್ತಾವ. ಗುರ್ತ ಅಂದ್ರ ಒಂದ, ಲಗೂ ಲಗೂ ಓಡ್ತಾವ. ಮುಟ್ಟಿಗಿಟ್ಟಿ ಮತ್ತ! ಕಾಣಾಕತ್ತಾವೇನು?"

ಹೊಳೆವ್ವ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಕೈಯಲ್ಲಿ ಸೀಮೆಎಣ್ಣೆಯ ವಾಸನೆ ಇನ್ನೂ ಇತ್ತು.

"ಹೂಂ," ಎಂದಳು. "ಓಡ್ಯಾಡಾಕತ್ತಾವ."

"ಹಂಗಾರ ಚಿಂತಿಲ್ಲ. ಔಷಧ ಹೊಡಿಯವ್ರಿಗೆ ಬರಬ್ಯಾಡ್ರಿ ಅಂತೀನಿ."

ಹೊಳೆವ್ವ ಕೊಂದದ್ದು ತಿಳಿಯದೆ. ಸುಳ್ಳು ಹೇಳಿದ್ದು ತಿಳಿದೇ.

ತೊಗಟೆಯಲ್ಲಿ ಅಡಗಿದ್ದ ತಿಗಣೆ ಕೆಲವು ಸತ್ತಿದ್ದವು, ನಿಜ. ಆದರೆ ಮೇಲೆ ಎಲೆಯ ಮರೆಯಲ್ಲಿ, ಗೊನೆಯ ಒಳಗೆ ಇದ್ದವು ಉಳಿದಿದ್ದವು. ತಿನ್ನುವವರಿಲ್ಲದ ಮೇಲೆ ಅವಕ್ಕೆ ತಡೆಯೆಲ್ಲಿ? ದಿನದಿಂದ ದಿನಕ್ಕೆ ಹೆಚ್ಚಿದವು. ಅವುಗಳ ಸಿಹಿ ಅಂಟಿಗಾಗಿ ಇರುವೆಗಳು ಬೊಡ್ಡೆಯ ಮೇಲೆ ಸಾಲುಗಟ್ಟಿದವು. ಉಂಡ ಮನೆಯ ಕಾವಲುಗಾರರಂತೆ ಸುತ್ತ ನಿಂತವು. ಹೊಳೆವ್ವ ದಿನಾ ಹೋಗಿ ಒರೆಸುವಳು, ಮರುದಿನ ಅಷ್ಟೇ ಇರುತ್ತಿದ್ದವು. ಗೊನೆ ಮುಟ್ಟಿದರೆ ಬೆರಳು ಅಂಟತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ. ಬಾಣಂತಿಗೆ ಅಂಟಿನ ಉಂಡಿ ಕಟ್ಟಿಕೊಂಡು ವಿಜಯಪುರದ ಬಸ್ಸು ಹತ್ತಿದಳು.

ಸ್ಟೇಷನ್ ರಸ್ತೆಯ ಹತ್ತಿರದ ದವಾಖಾನೆ. ಒಳಗೆ ಕಾಲಿಟ್ಟೊಡನೆ ರಾಜಬಿ ತಾನು ಕೂತಿದ್ದ ಖುರ್ಚಿ ಬಿಟ್ಟುಕೊಟ್ಟಳು. ಕೂಸನ್ನು ತಂದು ಹೊಳೆವ್ವನ ಮಡಿಲಲ್ಲಿಟ್ಟಳು. ಬಿಸಿ ಚಹಾ ಕುಡಿಯಲಾಗದು ಎಂದು ತಟ್ಟೆಯಲ್ಲಿ ಆರಿಸಿಕೊಟ್ಟಳು. ಒಂದೊಂದೂ ಹೊಳೆವ್ವನಿಗೆ ಚುಚ್ಚಿದಂತಾಯಿತು. ತಟ್ಟೆ ಕೆಳಗಿಟ್ಟು, ಕೂಸಿನ ಮುಖ ನೋಡುತ್ತಲೇ ಎಲ್ಲವನ್ನೂ ಹೇಳಿದಳು.

ರಾಜಬಿ ಕೂಸಿನ ಹೊದಿಕೆ ಸರಿಮಾಡಿದಳು.

"ಕೊಂದದ್ದಕ್ಕ ಏನಂತೀನಿ ಅಕ್ಕಾ, ನಾನರ ಮೊದಲ ಹೇಳಿದ್ನೇನು? ಆದ್ರ ಓಡ್ಯಾಡಾಕತ್ತಾವ ಅಂದ್ಯಲ್ಲ. ಅವತ್ತ ಖರೇ ಹೇಳಿದ್ರ ಮತ್ತ ತರಸ್ತಿದ್ದೆ."

"ಅಮ್ಮಾ, ಹೊಳೆವ್ವ ಮೌಶಿ ಚಾ ಕುಡೀಲಿ ಬಿಡು," ಎಂದಳು ನಿಖತ ಹಾಸಿಗೆಯಿಂದ, ಮೆಲ್ಲಗೆ.

ರಾಜಬಿ ಆಗಲೇ ಬಬಲೇಶ್ವರಕ್ಕೆ ಫೋನು ಹಚ್ಚಿದ್ದಳು. ಹುಳ ಸಾಕುವವನ ಹತ್ತಿರ ಸದ್ಯ ಒಂದೂ ಇರಲಿಲ್ಲ. ಮರಿ ಮಾಡಿಸಿ ಕೊಡುವ ಹೊತ್ತಿಗೆ ಗೊನೆ ಕಟಾವಿಗೆ ಬಂದಿರುತ್ತದೆ. ಕಟಾವು ಇಷ್ಟು ಹತ್ತಿರವಿರುವಾಗ ಔಷಧ ಹೊಡೆಯುವಂತೆಯೂ ಇರಲಿಲ್ಲ.

ಊರಿಗೆ ಬಂದ ಹೊಳೆವ್ವನಿಗೆ ಅನ್ನ ಸೇರಲಿಲ್ಲ. ಬೆಳಗಾಗುತ್ತಲೇ ತನ್ನ ಪಡಕ್ಕೆ ಹೋದಳು. ಸುಲಿಯದೆ ಬಿಟ್ಟಿದ್ದ ತೊಗಟೆಯನ್ನು ಸುಮ್ಮನೆ ಎತ್ತಿ ನೋಡಿದಳು. ಒಳಗಿಂದ ಬಿಳಿಯದೊಂದು ಹುಳ ಸರ್ರನೆ ಓಡಿತು. ಇನ್ನೊಂದು ತೊಗಟೆ, ಇನ್ನೆರಡು ಹುಳ. ಎಲೆಯ ಮೇಲೆ ಕರ್ರಗಿನದೊಂದು, ಕೆಂಪು ತಲೆಯದು. ತಿನ್ನಲು ಬೇಕಾದಷ್ಟು ತಿಗಣೆ ಇಲ್ಲಿಯೂ ಇತ್ತಲ್ಲ. ರಾಜಬಿ ಬಿಟ್ಟ ಹುಳಗಳಲ್ಲಿ ಕೆಲವು ಬದು ದಾಟಿ ಬಂದಿದ್ದವು.

ಹೊಳೆವ್ವ ಡಬ್ಬಿಗೆ ಎಲೆ ಹಾಸಿ ಒಂದೊಂದನ್ನೇ ಹಿಡಿಯತೊಡಗಿದಳು. ಒರೆಸಿ ಕೊಲ್ಲುವಾಗ ಕೈಗೆ ಯಾವ ಯೋಚನೆಯೂ ಇರಲಿಲ್ಲ. ಈಗ ನೋಯದಂತೆ ಎತ್ತಲು ಹೋದರೆ ಒಂದೊಂದಕ್ಕೂ ಹೊತ್ತು ಹಿಡಿಯುತ್ತಿತ್ತು. ಡಬ್ಬಿ ತುಂಬಿದಾಗಲೆಲ್ಲ ರಾಜಬಿಯ ಬಳ್ಳಿಗಳಿಗೆ ಬಿಟ್ಟು ಬರುತ್ತಿದ್ದಳು.

ಬಿಸಿಲೇರುವಾಗ ರಾಜಬಿ ಬಸ್ಸಿಳಿದು ತನ್ನ ಬಳ್ಳಿಗಳ ನಡುವೆ ಇದ್ದ ಹೊಳೆವ್ವನ ಹತ್ತಿರ ನೇರ ಬಂದಳು. "ಏನ್ ಮಾಡಾಕತ್ತಿ?"

"ನಿನ್ನ ಹುಳ. ತಿರುಗಿ ನಿನ್ನ ಕಡೇನ ಬಿಡಾಕತ್ತೀನಿ."

"ಎಲ್ಲಾ?"

"ಎಲ್ಲಾ."

"ಮತ್ತ ನಿನ್ನ ಗೊನಿ?"

"ಹೋಗ್ಲಿ ಬಿಡು."

"ತಲಿಗಿಲಿ ಕೆಟ್ಟೇತೇನು? ನಿನ್ನಲ್ಲಿ ತಿನ್ನೂವು ಇಲ್ಲಂದ್ರ ಮಿಲಿಬಗ್ ಹೆಚ್ಚಾಗಿ ನನ್ನ ಕಡೇನ ಬರ್ತಾವ. ಅರ್ಧಾ ಅಲ್ಲೇ ಬಿಡು."

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಹೊಳೆವ್ವನಿಗೆ. ಇದು ಕ್ಷಮೆಯೋ, ಬರೀ ಬೇಸಾಯದ ಬುದ್ಧಿಯೋ, ಕೇಳುವ ಧೈರ್ಯ ಬರಲಿಲ್ಲ.

"ಈ ಸಾಲಿಗೆ ಹುಳ ಬಿಟ್ಟೀಯೇನು?" ಎಂದಳು ರಾಜಬಿ.

"ಬಿಟ್ಟೀನಿ."

ರಾಜಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಮೊದಲ ಬಳ್ಳಿಯ ಎಲೆ ಎತ್ತಿ ತಾನೇ ನೋಡಿದಳು, ಆಮೇಲೆ ಎರಡನೆಯದು. ಹೊಳೆವ್ವ ಡಬ್ಬಿ ಹಿಡಿದು, ಅವಳು ಸಾಲು ಮುಗಿಸುವವರೆಗೂ ಬಿಸಿಲಲ್ಲೇ ನಿಂತಿದ್ದಳು.